ಸೇನಾವಿಮಾನಗಳ ಕ್ರಯವೂ ವ್ಯಾಜ್ಯವೂ

ಕಳೆದ ತಿಂಗಳಿನ ಒಂದು ಸಾಯಂಕಾಲ ಮಂಗಳೂರಿನ ಪಂಪ್‌ವೆಲ್ಲಿನಲ್ಲಿ ಬಸ್ಸಿಗಾಗಿ ಕಾದು ನಿಂತಿದ್ದೆವು. ಇಲ್ಲಿನ ಮೇಲುಸೇತುವೆಯು ಮುಗಿಯಲು ಸುಮಾರು ಹತ್ತು ವರ್ಷಗಳು ಹಿಡಿದು, ಕಡೆಗೆ 2020ನೆಯ ಇಸವಿಯ ಜನವರಿಯಲ್ಲಿ ಸಂಚಾರಕ್ಕೆ ತೆರೆಯಲ್ಪಟ್ಟುದನ್ನು ಊರವರು ಮರೆತಿಲ್ಲ. ಅಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನ ತಾಯಿಯವರು ಎದುರಾದರು. ಮಗನು ವಾಯುಸೇನೆಗೆ ಸೇರಿ ಬೀದರಿನಲ್ಲಿ ವಿಮಾನಶಿಕ್ಷಣ ಪಡೆಯುತ್ತಿರುವನಂತೆ. ಅವನನ್ನು ನೋಡಲು ಹೊರಟಿದ್ದರು. “ಮಾಷ್ಟ್ರೇ, ಈ ವಿಮಾನ ಕೊಳ್ಳುವುದೆಂದರೆ ಪೇಪರಿನಲ್ಲಿ ಯಾವಾಗಲೂ ಜಗಳವೇ ಯಾಕೆ? ಬೇಕಾದದ್ದನ್ನು ನೋಡಿ ತಂದರಾಗದೇ?” ಎಂದು ಕೇಳಿದರು. ಸೇತುವೆಯ ಕೆಳಗೆ ನಿಂತು ಹೇಳಿ ಮುಗಿಸಬಹುದಾದ ಉತ್ತರವಲ್ಲವಾದುದರಿಂದ ಇಲ್ಲಿ ಬರೆಯುತ್ತಿರುವೆವು.

ಬೀದರಿನಲ್ಲಿ ಹುಡುಗರು ಹಾರಿಸುವ ಹಾಕ್ ಎಂಬ ವಿಮಾನದ ಕಥೆಯೇ ಸಾಕು. ಹಿಂದೆ ನಮ್ಮ ತರುಣರು ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಕಿರಣ್ ಎಂಬ ಸಾಧುವಾದ ಜೆಟ್ಟಿನಲ್ಲಿ ಪಾಠ ಕಲಿತು, ಅಲ್ಲಿಂದ ಶಬ್ದಕ್ಕಿಂತಲೂ ವೇಗವಾಗಿ ಹಾರುವ ಮಿಗ್-21ನ್ನು ಏರಬೇಕಾಗಿತ್ತು. ಅಕ್ಷರಾಭ್ಯಾಸ ಮುಗಿದ ಬಾಲಕನ ಕೈಗೆ ಪಾಣಿನಿಯ ಸೂತ್ರಗಳನ್ನು ಕೊಟ್ಟಂತೆ. ಪಾಠಶಾಲೆಯಲ್ಲಿ ತಪ್ಪಿದರೆ ಗುರುವಿನ ಗದರಿಕೆ. ಅಲ್ಲಿ ತಪ್ಪಿದರೆ ಪ್ರಾಣವೇ ಹೋಗುವುದು. ಎಷ್ಟೋ ಮಂದಿ ಎಳೆಯರು ಹಾಗೆಯೇ ಹೋದರು. ನಡುವೆ ಒಂದು ಮೆಟ್ಟಿಲಾಗಿ ಉನ್ನತ ಶಿಕ್ಷಣದ ಜೆಟ್ ವಿಮಾನವು ಬೇಕೆಂದು 1982ರಲ್ಲಿಯೇ ಲಾ ಫಾಂಟೇನ್ ಸಮಿತಿಯು ಹೇಳಿತ್ತು. ಕೊಳ್ಳುವ ಒಪ್ಪಂದಕ್ಕೆ ಸಹಿ ಬಿದ್ದುದು 2004ರ ಮಾರ್ಚಿಯಲ್ಲಿ. ನಡುವೆ ಇಪ್ಪತ್ತೆರಡು ವರ್ಷಗಳು!

ಇಷ್ಟು ವರ್ಷ ಆದುದೇನು? ಬ್ರಿಟನ್ನಿನ ಹಾಕ್ ಮೇಲೋ, ಫ್ರಾನ್ಸ್-ಜರ್ಮನಿಗಳ ಆಲ್ಫಾ ಜೆಟ್ ಮೇಲೋ ಎಂಬ ಚರ್ಚೆ ನಡೆಯಿತು. ತರುವಾಯ ಚೆಕ್ ದೇಶದವರು ತಮ್ಮ ವಿಮಾನವನ್ನು ಮುಂದಿಟ್ಟರು. ಬೆಲೆಯು ಏರುತ್ತಲೇ ಇತ್ತು. ಇವೆಲ್ಲಕ್ಕಿಂತಲೂ ದೊಡ್ಡದು ಭಯ. 1986ರಲ್ಲಿ ಕೊಂಡ ಬೋಫೋರ್ಸ್ ಫಿರಂಗಿಗಳ ವಿಷಯದಲ್ಲಿ ಮರುವರ್ಷವೇ ಲಂಚದ ಆರೋಪವೆದ್ದು ದೇಶವೆಲ್ಲಾ ಗದ್ದಲವಾದ ಮೇಲೆ, ಕಡತದ ಮೇಲೆ ಸಹಿಹಾಕಲು ಅಧಿಕಾರಿಗಳ ಕೈ ನಡುಗತೊಡಗಿತು. ಸಹಿ ಹಾಕಿದವನು ಸಾಕ್ಷಿಕಟ್ಟೆಯನ್ನು ಹತ್ತಬೇಕಾದೀತು. ಹಾಕದೆ ಕುಳಿತವನನ್ನು ಕೇಳುವವರು ಯಾರು? ನಮ್ಮ ಶಾಸ್ತ್ರಕಾರರು ಇದನ್ನೇ ‘ಉಭಯತಃಪಾಶಾ ರಜ್ಜುಃ’ ಎಂದರು. ಹಗ್ಗದ ಎರಡು ತುದಿಗಳಲ್ಲಿಯೂ ಉರುಳು.

ಒಪ್ಪಂದವಾದ ಕಾಲಕ್ಕೆ ರಕ್ಷಣಾ ಮಂತ್ರಿಗಳಾಗಿದ್ದವರು ಮಂಗಳೂರಿನಲ್ಲಿಯೇ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು. 2001ರಲ್ಲಿ ಶಸ್ತ್ರಖರೀದಿಯ ಲಂಚದ ಗದ್ದಲದಿಂದ ಪದವಿಯನ್ನು ಬಿಟ್ಟು, ಅದೇ ವರ್ಷ ಮರಳಿ ಬಂದವರು. ಎಪ್ಪತ್ತು ದಾಟಿದ ಅವರು 2003ರಲ್ಲಿ ತಾವೇ ಮಿಗ್-21ರಲ್ಲಿ ಕುಳಿತು ಹಾರಿದರು. ಅದರಿಂದ ವಿಮಾನದ ದೋಷ ಹೋಗಲಿಲ್ಲವೆಂದು ನಕ್ಕವರುಂಟು. ನಮಗೆ ಮಾತ್ರ ಆ ಸಾಹಸವು ಮೆಚ್ಚಿಕೆಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಂತ್ರಿಮಂಡಲವು ಹಾಕ್ ವಿಮಾನಕ್ಕೆ ಒಪ್ಪಿತು. ಒಟ್ಟು 66ರಲ್ಲಿ 24 ಬ್ರಿಟನ್ನಿನಿಂದ ಬರತಕ್ಕುದು, 42 ಬೆಂಗಳೂರಿನಲ್ಲಿ ಕಟ್ಟತಕ್ಕುದು ಎಂದು ನಿಶ್ಚಯ. 2008ರ ಫೆಬ್ರವರಿಯಲ್ಲಿ ಅವು ಬೀದರಿನಲ್ಲಿ ವಿಧಿಪೂರ್ವಕವಾಗಿ ಸೇನೆಗೆ ಸೇರಿದುವು. ವ್ಯಾಜ್ಯವು ಮುಗಿಯಿತೇ? ಇಲ್ಲ. ಆ ವಿಮಾನದ ಇಂಜಿನು ಕಂಪೆನಿಯ ಮೇಲೆ ಕೇಂದ್ರ ತನಿಖಾದಳವು 2023ರಲ್ಲಿ ಮೊಕದ್ದಮೆ ದಾಖಲಿಸಿತು. ಆರೋಪವು ಆರೋಪವೇ, ತೀರ್ಪಲ್ಲ. ಆದರೆ ಹತ್ತೊಂಬತ್ತು ವರ್ಷಗಳ ಮೇಲೆ ಮೊಕದ್ದಮೆಯೆಂದರೆ ಹಳೆಯ ಲೆಕ್ಕವನ್ನು ಶೋಧಿಸುವುದು ಸುಲಭವೇ?

ಬೆಲೆಯ ವಿಷಯದಲ್ಲಿ ಇನ್ನೊಂದು ತೊಡಕುಂಟು. ಹಸುವಿನ ಕ್ರಯ ಬೇರೆ, ಅದಕ್ಕೆ ಹಾಕುವ ಹಿಂಡಿಹುಲ್ಲುಗಳ ಖರ್ಚು ಬೇರೆಯೆಂಬುದನ್ನು ಗೃಹಸ್ಥರು ಬಲ್ಲರು. 126 ಯುದ್ಧವಿಮಾನಗಳಿಗಾಗಿ 2007ರಲ್ಲಿ ಟೆಂಡರು ಕರೆದಾಗ ಆಯುಷ್ಯವಿಡೀ ತಗಲುವ ವೆಚ್ಚವನ್ನೂ ಲೆಕ್ಕಹಿಡಿದರು. ಆರು ಬಗೆಯ ವಿಮಾನಗಳನ್ನು ಬೆಂಗಳೂರಿನಲ್ಲಿ, ಜೈಸಲ್ಮೇರಿನ ಮರಳುಗಾಡಿನಲ್ಲಿ, ಲೇಹದ ಎತ್ತರದಲ್ಲಿ ಪರೀಕ್ಷಿಸಿದರು. 2012ರ ಜನವರಿಯಲ್ಲಿ ಫ್ರಾನ್ಸಿನ ರಫೇಲ್ ವಿಮಾನದ್ದೇ ಕಡಮೆಯ ದರವೆಂದು ತೋರಿತು. ಬೆಂಗಳೂರಿನಲ್ಲಿ ಕಟ್ಟಬೇಕಾಗಿದ್ದ 108 ವಿಮಾನಗಳಿಗೆ ಹೊಣೆ ಯಾರೆಂಬಲ್ಲಿ ಮಾತು ಮುರಿಯಿತು. 2016ರಲ್ಲಿ ಸರಕಾರವು ಸಿದ್ಧವಾದ 36ನ್ನು ಮಾತ್ರ, ಸುಮಾರು 59,000 ಕೋಟಿ ರೂಪಾಯಿಗಳಿಗೆ ಕೊಂಡಿತು. ಬೆಲೆ ಹೆಚ್ಚೆಂದೂ ಬೆಂಗಳೂರಿನ ಕಾರ್ಖಾನೆಯನ್ನು ಬಿಟ್ಟರೆಂದೂ ವಿರೋಧಪಕ್ಷದವರು ಕೂಗಿದರು. ತನಿಖೆಯ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿಯೂ, ಪುನರ್ವಿಮರ್ಶೆಯ ಅರ್ಜಿಗಳನ್ನು 2019ರಲ್ಲಿಯೂ ತಳ್ಳಿಹಾಕಿತು. ಪ್ರಶ್ನೆ ಕೇಳಿದುದು ತಪ್ಪೆಂದು ನಾವು ಹೇಳೆವು; ಹಣವು ಪ್ರಜೆಗಳದು. ಆದರೆ ಟೆಂಡರಿನಿಂದ ಒಪ್ಪಂದದವರೆಗೆ ಕಳೆದ ಒಂಬತ್ತು ವರ್ಷಗಳ ಲೆಕ್ಕವನ್ನು ಯಾವ ಪಕ್ಷದವರೂ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. ಬದಲಿ ವಿಮಾನಗಳು ಸಾಲದೆ, ಮುದಿ ಮಿಗ್-21 ಪೂರ್ಣವಾಗಿ ನಿವೃತ್ತಿ ಹೊಂದಿದುದು 2025ರ ಸೆಪ್ಟೆಂಬರಿನಲ್ಲಷ್ಟೆ.

ಅಂದು ಬಸ್ಸು ಬರುವಷ್ಟರಲ್ಲಿ ಆ ತಾಯಿಯವರು ಇನ್ನೊಂದನ್ನು ಕೇಳಿದ್ದರು: “ನಮ್ಮ ಹುಡುಗ ಹಾರಿಸುವುದು ಬೆಂಗಳೂರಿನಲ್ಲಿ ಕಟ್ಟಿದ್ದೋ, ಹೊರಗಿನದ್ದೋ?” ಆಗ ತೋಚಲಿಲ್ಲ. ಮನೆಗೆ ಬಂದು ಲೆಕ್ಕಹಾಕಿದೆವು. 2010ರಲ್ಲಿ ಮತ್ತೆ 57ಕ್ಕೆ ಒಪ್ಪಂದವಾಗಿ ಅವೂ ಬೆಂಗಳೂರಿನಲ್ಲಿಯೇ ಕಟ್ಟಲ್ಪಟ್ಟುವು. ಅವುಗಳಲ್ಲಿ ನೌಕಾದಳದ 17ನ್ನು ಕಳೆದರೆ, ವಾಯುಸೇನೆಗೆಂದು ತರಿಸಿದ 106ರಲ್ಲಿ 82 ಬೆಂಗಳೂರಿನವು. ಅವರು ಬೀದರಿನಿಂದ ಮರಳಿದ ಕೂಡಲೇ ಇದನ್ನು ತಿಳಿಸಬೇಕೆಂದಿರುವೆವು. ಮಗನಿಗಾಗಿ ಹಲಸಿನ ಹಪ್ಪಳದ ಒಂದು ದೊಡ್ಡ ಕಟ್ಟನ್ನು ಕಂಕುಳಲ್ಲಿ ಹಿಡಿದು ಅವರು ಬಸ್ಸನ್ನೇರಿದ್ದರು.