ದ್ರಾವಕ ಎಲ್ಲಿ ಹೋಯ್ತು?

ಎಂ.ಎಸ್ಸಿ. ರಸಾಯನಶಾಸ್ತ್ರ ಮುಗಿಸಿದ್ದೆ. ಟಿ. ನರಸೀಪುರದಿಂದ ಬಸ್ ಹತ್ತಿ ನಂಜನಗೂಡಿಗೆ ಮೊದಲ ಸಂದರ್ಶನಕ್ಕೆ ಹೋದೆ. ಪ್ರಾಜೆಕ್ಟ್ ಬಗ್ಗೆ ಕೇಳಿದರು. ‘ಬೆಂಜೈಲ್ ಆಲ್ಕೊಹಾಲನ್ನು ಉತ್ಕರ್ಷಣೆಗೆ ಒಳಪಡಿಸಿ ಬೆಂಜಾಲ್ಡಿಹೈಡ್ ಮಾಡಿದೆ ಸರ್, ಇಳುವರಿ ಚೆನ್ನಾಗಿತ್ತು’ ಎಂದೆ, ಹೆಮ್ಮೆಯಿಂದಲೇ. ಎದುರಿಗಿದ್ದ ಹಿರಿಯರು, ‘ಅದೆಲ್ಲ ಸರಿ ಕಣಪ್ಪ, ಆಮೇಲೆ ದ್ರಾವಕ ಎಲ್ಲಿ ಹೋಯ್ತು?’ ಎಂದರು.

ನನ್ನ ಬಾಯಿ ಕಟ್ಟಿತು. ಡೈಕ್ರೊಮೇಟಿನ ಕಿತ್ತಳೆ ಬಣ್ಣ ಹಸಿರಿಗೆ ತಿರುಗಿದ್ದು, ಬಾದಾಮಿಯಂಥ ವಾಸನೆ ಬಂದದ್ದು ನೆನಪಿತ್ತು. ಉಳಿದ ಕ್ರೋಮಿಯಂ ನೀರನ್ನೂ ಡೈಕ್ಲೋರೊಮೀಥೇನನ್ನೂ ಸಿಂಕಿಗೆ ಸುರಿದು ನಲ್ಲಿ ತಿರುಗಿಸಿದ್ದೂ ನೆನಪಿತ್ತು. ಕೆಲಸ ಸಿಗಲಿಲ್ಲ.

ವಾಪಸ್ ಬರುವಾಗ ಅದೇ ಯೋಚನೆ. ನಂಜನಗೂಡಿನ ಕಪಿಲೆಯೇ ನಮ್ಮೂರಿಗೆ ಬಂದು ಕಾವೇರಿ ಸೇರುತ್ತಾಳೆ. ಮೇಲೆ ಬಿಟ್ಟದ್ದು ಕೆಳಗೆ ಬರುತ್ತದೆ ಎಂದು ತಿಳಿಯಲು ಡಿಗ್ರಿ ಬೇಕಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿ ಓದಿದಾಗ ಸಿಕ್ಕಿದ್ದು ಅಯಾನಿಕ ದ್ರವಗಳು. ಅಂದರೆ ದ್ರವರೂಪದ ಲವಣ. ಅಡುಗೆ ಉಪ್ಪು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. 1914ರಲ್ಲಿ ಪಾಲ್ ವಾಲ್ಡೆನ್ ವಿವರಿಸಿದ ಈಥೈಲ್ ಅಮೋನಿಯಂ ನೈಟ್ರೇಟ್ 12 ಡಿಗ್ರಿಗೇ ಕರಗುತ್ತದೆ. ದೊಡ್ಡ, ಒಡ್ಡೊಡ್ಡಾದ ಅಯಾನುಗಳು ಹರಳಾಗಿ ಒತ್ತಾಗಿ ಕೂರಲಾರವು, ಅದಕ್ಕೇ ದ್ರವವಾಗಿ ಉಳಿಯುತ್ತವೆ. ಇವು ಆವಿಯಾಗುವುದೂ ಇಲ್ಲವೆನ್ನುವಷ್ಟು ಕಡಿಮೆ.

2002ರಲ್ಲಿ ಅನ್ಸಾರಿ ಮತ್ತು ಗ್ರೇ ಎಂಬ ಸಂಶೋಧಕರು ಇಂಥ ದ್ರವದಲ್ಲಿ ತಾಮ್ರದ ಕ್ರಿಯಾವರ್ಧಕ ಬಳಸಿ, ಆಮ್ಲಜನಕದಿಂದಲೇ ಆಲ್ಕೊಹಾಲನ್ನು ಆಲ್ಡಿಹೈಡ್ ಮಾಡಿ ತೋರಿಸಿದರು. ಇಲ್ಲಿ ಕ್ರೋಮಿಯಂ ಬೇಕಿಲ್ಲ, ಜೊತೆಗೆ ಹುಟ್ಟುವುದು ನೀರು. ಕ್ರಿಯೆ ಮುಗಿದ ಮೇಲೆ ಈಥರ್‌ನಂಥ ದ್ರಾವಕ ಹಾಕಿ ಕುಲುಕಿದರೆ ಉತ್ಪನ್ನ ಅದಕ್ಕೆ ಹೋಗುತ್ತದೆ, ಕ್ರಿಯಾವರ್ಧಕ ಬಹುಪಾಲು ಅಯಾನಿಕ ದ್ರವದಲ್ಲೇ ಉಳಿಯುತ್ತದೆ. ಸಂಗಮದಲ್ಲಿ ಸೇರಿದ ನೀರನ್ನು ಇದು ಕಪಿಲೆ, ಇದು ಕಾವೇರಿ ಎಂದು ಬಿಡಿಸಲಾಗದು. ಫ್ಲಾಸ್ಕಿನಲ್ಲಿ ಬೇಕಾಗಿರುವುದು ಇದರ ಉಲ್ಟಾ: ಎರಡು ಪದರ ಬೇರೆ ಬೇರೆ ನಿಲ್ಲಬೇಕು. ಕೆಳಗಿನದಕ್ಕೆ ಹೊಸ ಆಲ್ಕೊಹಾಲ್ ಹಾಕಿ ಮತ್ತೆ ಕ್ರಿಯೆ ಶುರು ಮಾಡಬಹುದು.

ಹಾಗೆಂದು ಹಿಗ್ಗುವಂತಿಲ್ಲ. ಅಯಾನಿಕ ದ್ರವಗಳು ದುಬಾರಿ. ಹೆಕ್ಸಾಫ್ಲೋರೊಫಾಸ್ಫೇಟ್ ಇರುವಂಥವು ತೇವ ಮತ್ತು ಬಿಸಿಗೆ ಒಡೆದು ಹೈಡ್ರೋಜನ್ ಫ್ಲೋರೈಡ್ ಎಂಬ ವಿಷ ಬಿಡಬಲ್ಲವು. ಕೆಲವು ಜಲಚರಗಳಿಗೂ ಹಾನಿಕರ. ತೊಳೆಯಲು ಬಳಸಿದ ಈಥರ್ ಹಾರಿಹೋದರೆ ಉಳಿಸಿದ್ದೇನು? ಪ್ರತಿ ಸುತ್ತಿಗೆ ನೂರಕ್ಕೆ ಐದರಷ್ಟು ಸೋರಿದರೂ ಹತ್ತು ಸುತ್ತಿನ ನಂತರ ಉಳಿಯುವುದು 60 ಮಾತ್ರ. ‘ಮರುಬಳಕೆ’ ಎಂಬ ಪದ ಬರೆಯುವುದು ಸುಲಭ, ಅದರ ಲೆಕ್ಕ ಕೊಡುವುದು ಕಷ್ಟ.

ಈಗ ಪ್ರಾಜೆಕ್ಟ್ ಮಾಡುತ್ತಿರುವ ಗೆಳೆಯರಿಗೆ ನನ್ನದೊಂದು ಮಾತು. ವರದಿಯಲ್ಲಿ ಇಳುವರಿಯ ಪಕ್ಕ ಇನ್ನೂ ಮೂರು ಸಾಲು ಸೇರಿಸಿ: ಎಷ್ಟು ದ್ರಾವಕ ಹಾಕಿದಿರಿ, ಎಷ್ಟು ವಾಪಸ್ ಸಿಕ್ಕಿತು, ಉಳಿದದ್ದು ಎಲ್ಲಿ ಹೋಯಿತು. ಇದಕ್ಕೆ ದುಬಾರಿ ಯಂತ್ರ ಬೇಡ, ತಕ್ಕಡಿ ಮತ್ತು ಅಳತೆಯ ಜಾಡಿ ಸಾಕು. ಕಾರ್ಖಾನೆಯಲ್ಲಿ ಲೀಟರುಗಟ್ಟಲೆ ದ್ರಾವಕದೊಂದಿಗೆ ಏಗುವವರು ಕೇಳುವುದು ಇದನ್ನೇ.

ಮುಂದಿನ ತಿಂಗಳು ಇನ್ನೊಂದು ಸಂದರ್ಶನವಿದೆ. ಈ ಸಲ ಯಾರೂ ಕೇಳದಿದ್ದರೂ ಸಿಂಕಿನ ಕಥೆಯನ್ನು ನಾನೇ ಹೇಳಿಬಿಡುತ್ತೇನೆ.