ಸೂಕ್ಷ್ಮ ಪ್ಲಾಸ್ಟಿಕ್ ಕಣಗಳೂ ಉಪಾಧಿವಿಚಾರವೂ

ಇಡ್ಲಿಯನ್ನು ಬೇಯಿಸುವಾಗ ತಟ್ಟೆಯ ಮೇಲೆ ಒದ್ದೆಯ ಅರಿವೆಯನ್ನು ಹಾಸುವದು ಹಳೆಯ ರೂಢಿ. ಉಪಾಹಾರಗೃಹಗಳಲ್ಲಿ ಅರಿವೆಯ ಸ್ಥಾನವನ್ನು ಪ್ಲಾಸ್ಟಿಕ್ ಹಾಳೆಯು ಆಕ್ರಮಿಸಲು, 2025ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯಮಂತ್ರಿಗಳಾದ ದಿನೇಶ ಗುಂಡೂರಾಯರು ಅದರ ನಿಷೇಧವನ್ನು ಸಾರಿದರು. ಕಾದ ಪ್ಲಾಸ್ಟಿಕ್ಕಿನಿಂದ ಅರ್ಬುದಕಾರಕ ದ್ರವ್ಯಗಳು ಆಹಾರಕ್ಕಿಳಿಯುವವೆಂಬುದು ಆಗ ಹೇಳಿದ ಕಾರಣ. ಅಂದಿನಿಂದ ಹುಬ್ಬಳ್ಳಿ-ಧಾರವಾಡದ ಮಿತ್ರರು ನನ್ನನ್ನು ಕೇಳುವದುಂಟು: ಪ್ಲಾಸ್ಟಿಕ್ಕಿನ ಕಣಗಳು ದೇಹವನ್ನು ಸೇರಿದರೆ ರೋಗವಾಗುವದೆಂಬುದು ಸಿದ್ಧವಾಗಿದೆಯೇ?

ಐದು ಮಿಲಿಮೀಟರಿಗಿಂತ ಕಿರಿದಾದ ತುಣುಕುಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಎನ್ನುವರು. 2022ರಲ್ಲಿ ನೆದರ್ಲಂಡಿನ ಶೋಧಕರು 22 ಜನರ ರಕ್ತವನ್ನು ಪರೀಕ್ಷಿಸಿ 17 ಜನರಲ್ಲಿ ಪ್ಲಾಸ್ಟಿಕ್ಕನ್ನು ಕಂಡರು. ಆದರೆ ಇರುವದು ಬೇರೆ, ಕೆಡಿಸುವದು ಬೇರೆ. ಎರಡನೆಯದನ್ನು ಕುರಿತು ಹೆಚ್ಚಾಗಿ ಉದಾಹರಿಸಲ್ಪಡುವದು 2024ರಲ್ಲಿ ಪ್ರಕಟವಾದ ಇಟಲಿಯ ಶೋಧವು. ಕಂಠದ ಧಮನಿಯಲ್ಲಿ ಕಟ್ಟಿದ್ದ ಮೇದಸ್ಸನ್ನು ಶಸ್ತ್ರದಿಂದ ತೆಗೆಸಿಕೊಂಡ 257 ರೋಗಿಗಳಲ್ಲಿ 150 ಜನರ ಮೇದಸ್ಸಿನಲ್ಲಿ ಪಾಲಿಎಥಿಲೀನ್ ಕಂಡಿತು. ಸುಮಾರು 34 ತಿಂಗಳೊಳಗೆ ಈ 150 ಜನರಲ್ಲಿ 30 ಜನರಿಗೆ ಹೃದಯಾಘಾತ, ಪಕ್ಷಾಘಾತ ಇಲ್ಲವೆ ಮರಣವು ಸಂಭವಿಸಿತು. ಉಳಿದ 107 ಜನರಲ್ಲಿ ಎಂಟೇ ಜನರಿಗೆ.

ಈ ಸಂಖ್ಯೆಗಳನ್ನು ಕಂಡು ಅಂಜಿಕೆಯಾಗುವದು ಸಹಜ. ಆದರೆ ಹೇತುವು ನಿಜವಾಗಿ ಅಲ್ಲಿರುವದೋ ಎಂಬುದನ್ನು ಮೊದಲು ನೋಡತಕ್ಕದ್ದು. ಮಾದರಿಯನ್ನು ಬಿಸಿಯಿಂದ ಒಡೆದು, ಹೊರಟ ಅನಿಲವನ್ನು ಅಳೆಯುವ ವಿಧಾನದಲ್ಲಿ ದೇಹದ ಕೊಬ್ಬು ಪಾಲಿಎಥಿಲೀನಿನಂತೆ ತೋರಬಹುದು. ಶುಕ್ತಿಯಲ್ಲಿ ರಜತವನ್ನು ಕಂಡಂತೆಯೇ ಇದು! ಶೋಧಕನ ಪಾಲಿಯೆಸ್ಟರ್ ಅಂಗಿಯಿಂದ ಉದುರಿದ ಎಳೆಯೂ ಮಾದರಿಯೊಳಗೆ ಬೀಳಬಹುದು. ಆದುದರಿಂದ ಜಾಗರೂಕರು ಹತ್ತಿಯ ಮೇಲಂಗಿಯನ್ನು ತೊಟ್ಟು, ಗಾಜಿನ ಪಾತ್ರೆಗಳನ್ನು ಬಳಸಿ, ಮಾದರಿಯಿಲ್ಲದ ಬರಿಯ ಪಾತ್ರೆಯನ್ನೂ ಜೊತೆಯಲ್ಲಿ ಪರೀಕ್ಷಿಸುವರು. (ಖಾದಿಯ ರಾಷ್ಟ್ರಧ್ವಜವನ್ನು ಸಿದ್ಧಗೊಳಿಸುವ ಬೆಂಗೇರಿ ನಮ್ಮ ಹುಬ್ಬಳ್ಳಿಯಲ್ಲಿಯೇ ಇರುವದು, 2021ರ ಡಿಸೆಂಬರಿನಲ್ಲಿ ಧ್ವಜಕ್ಕೂ ಪಾಲಿಯೆಸ್ಟರ್ ಸಲ್ಲುವದೆಂದು ನಿಯಮವಾಯಿತು.)

ಹೇತುವಿದೆಯೆಂದು ಒಪ್ಪಿದರೂ ಉಪಾಧಿಶಂಕೆಯು ಉಳಿಯುವದು. ಅಗ್ನಿಯಿದ್ದಲ್ಲೆಲ್ಲ ಹೊಗೆಯಿರುವದಿಲ್ಲ, ಹಸಿಯ ಕಟ್ಟಿಗೆ ಬೇಕು. ಅದರಂತೆ ಪ್ಲಾಸ್ಟಿಕ್ಕಿನ ಸಹವಾಸ ಹೆಚ್ಚಾದವರ ಆಹಾರ, ವಸತಿ, ಉಸಿರಾಡುವ ಗಾಳಿ ಇವೇ ರೋಗಕ್ಕೆ ಕಾರಣವಾಗಿರಬಾರದೇಕೆ? ತಮ್ಮ ಶೋಧದಿಂದ ಕಾರ್ಯಕಾರಣಭಾವವು ಸಿದ್ಧವಾಗಲಿಲ್ಲವೆಂದು ಇಟಲಿಯವರೇ ಹೇಳಿರುವರು. ವ್ಯತಿರೇಕಕ್ಕೆ ಪ್ಲಾಸ್ಟಿಕ್ಕನ್ನೇ ಅರಿಯದ ಮನುಷ್ಯರು ಬೇಕು. ಅಂಥವರನ್ನು ಎಲ್ಲಿಂದ ತರೋಣ? ಇಲಿಗಳಲ್ಲಿ ಉರಿಯೂತವು ಕಂಡುಬಂದಿರುವದು ನಿಜ, ಆದರೆ ಅವಕ್ಕೆ ಉಣಿಸಿದ ಪ್ರಮಾಣವು ಅನೇಕ ಪ್ರಯೋಗಗಳಲ್ಲಿ ಅತಿಯಾದದ್ದು.

ಆದಕಾರಣ ಮಿತ್ರರಿಗೆ ನಾನು ಹೇಳುವದಿಷ್ಟೆ: ಅನುಮಾನವು ಇನ್ನೂ ಪೂರ್ಣವಾಗಿಲ್ಲ. ಇಡ್ಲಿಯ ತಟ್ಟೆಗೆ ಅರಿವೆಯನ್ನು ಹಾಸಲು ಅದು ಪೂರ್ಣವಾಗುವವರೆಗೆ ಕಾಯಬೇಕಾದದ್ದೂ ಇಲ್ಲ.