ಮನೆಯ ನಗುಮುಖ ಯಾರಿಗೆ ಕಾಣಬೇಕು?

1952ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಕುಟುಂಬ ಯೋಜನಾ ಕಾರ್ಯಕ್ರಮವು ಮುಂದೆ ಕೆಂಪು ತ್ರಿಕೋನವನ್ನೂ, ತಂದೆ, ತಾಯಿ ಹಾಗೂ ಇಬ್ಬರು ಮಕ್ಕಳ ನಗುಮುಖದ ಚಿತ್ರವನ್ನೂ ಊರೂರಿನ ಗೋಡೆಗಳಿಗೆ ತಂದಿತು. ಆ ಮುಖಗಳನ್ನು ಬರೆದವನು ಚಿತ್ರಕಾರ. ಅವಕ್ಕೆ ಹೆಸರಿರಲಿಲ್ಲ, ಮನೆಯ ವಿಳಾಸವಿರಲಿಲ್ಲ. ಎಷ್ಟು ಜನ ನೋಡಿದರೂ ಯಾವ ಮಗುವಿಗೂ ಅದರಿಂದ ಬಾಧಕವಾಗಲಿಲ್ಲ. ಇಂದು ನಾವು ಮೊಬೈಲ್ ಮೂಲಕ ಜಗತ್ತಿಗೆ ತೋರಿಸುವ ಚಿತ್ರವಾದರೋ ನಮ್ಮ ಮಗುವಿನ ನಿಜವಾದ ಮುಖವೇ ಆಗಿದೆ. ಆದುದರಿಂದ ಈ ವಿಷಯದಲ್ಲಿ ದಂಪತಿಗಳು ಸ್ವಲ್ಪ ವಿಚಾರಮಾಡುವುದು ಅವಶ್ಯ.

ಸಂತೋಷವನ್ನು ಹಂಚಿಕೊಳ್ಳುವುದು ತಪ್ಪೇ?

ತಪ್ಪಲ್ಲ. ದುಡಿಮೆಗಾಗಿ ಬೆಂಗಳೂರಿಗೆ ಹೋಗಿರುವ ತಂದೆಯು ಮಗುವಿನ ಮೊದಲ ಹೆಜ್ಜೆಯನ್ನು ಅಲ್ಲಿಂದಲೇ ನೋಡಬಹುದು. ನಾಮಕರಣಕ್ಕೆ ಬರಲಾಗದ ಅಜ್ಜಿಗೆ ಮೊಮ್ಮಗುವಿನ ಮುಖ ಕಾಣುತ್ತದೆ. ಇದು ಒಳ್ಳೆಯದೇ. ಆದರೆ ಅಜ್ಜಿಯೊಬ್ಬಳಿಗೆ ಕಳುಹಿಸುವುದಕ್ಕೂ ಎಲ್ಲರಿಗೂ ಕಾಣುವಂತೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ. ಮನೆಗೆ ಬಂದ ನೆಂಟರ ಮುಂದೆ ಆಲ್ಬಂ ತೆರೆಯುವುದು ಒಂದು. ಅದೇ ಚಿತ್ರವನ್ನು ಜಾತ್ರೆಯ ಗೋಡೆಗೆ ಅಂಟಿಸಿ ಬರುವುದು ಇನ್ನೊಂದು.

ಒಮ್ಮೆ ಹೊರಟ ಚಿತ್ರ ಹಿಂದಿರುಗುವುದೇ?

ವಾಟ್ಸ್‌ಆಪ್ ಸ್ಟೇಟಸ್ 24 ಗಂಟೆಗಳಲ್ಲಿ ಮರೆಯಾಗುತ್ತದೆಂದು ಅನೇಕರು ನಿಶ್ಚಿಂತರಾಗಿರುತ್ತಾರೆ. ಅಷ್ಟರೊಳಗೆ ನೋಡಿದವರಲ್ಲಿ ಯಾರಾದರೂ ಅದನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡರೆ, ಅಳಿಸಿಹಾಕುವ ಅಧಿಕಾರವು ನಿಮ್ಮ ಕೈತಪ್ಪುತ್ತದೆ. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಒಬ್ಬರ ಮುಖವನ್ನು ಬೇರೊಂದು ಅಸಭ್ಯ ಚಿತ್ರಕ್ಕೆ ಜೋಡಿಸುವುದೂ ಇಂದು ಸುಲಭವಾಗಿದೆ. ಮಕ್ಕಳನ್ನು ಅಶ್ಲೀಲವಾಗಿ ತೋರಿಸುವ ಚಿತ್ರಗಳನ್ನು ಹರಡುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 67-ಬಿ ಕಲಮಿನಂತೆ ಶಿಕ್ಷಾರ್ಹ ಅಪರಾಧ. ಆದರೂ ಹಾನಿಯಾದ ಮೇಲೆ ದೂರು ಕೊಡುವುದಕ್ಕಿಂತ ಹಾನಿಯಾಗದಂತೆ ನೋಡಿಕೊಳ್ಳುವುದೇ ಮೇಲು.

ಯಾವ ಚಿತ್ರಗಳನ್ನು ಹಾಕಬಾರದು?

1. ಎಣ್ಣೆಸ್ನಾನ ಮಾಡಿಸುವಾಗ ತೆಗೆದ, ಬಟ್ಟೆಯಿಲ್ಲದ ಮಗುವಿನ ಚಿತ್ರ.

2. ತಾಯಿ ಕಾರ್ಡ್, ಲಸಿಕೆ ಕಾರ್ಡ್, ಜನನ ಪ್ರಮಾಣಪತ್ರ, ಆಧಾರ್ ಮುಂತಾದವುಗಳ ಚಿತ್ರ. ಇವುಗಳಲ್ಲಿ ಹೆಸರು, ಜನ್ಮದಿನಾಂಕ, ವಿಳಾಸ ಮುಂತಾದ ವಿವರಗಳಿದ್ದು, ಅವು ಮೋಸಗಾರರಿಗೆ ಉಪಯೋಗವಾಗುತ್ತವೆ.

3. ಶಾಲೆಯ ಹೆಸರು, ಮಗು ದಿನವೂ ಹತ್ತುವ ಬಸ್ಸು, ಮನೆಯ ಸಂಖ್ಯೆ ಕಾಣುವ ಚಿತ್ರ.

4. ಹೆರಿಗೆ ವಾರ್ಡಿನಲ್ಲಿ ಇತರ ತಾಯಂದಿರೂ ಕಾಣುವಂತಹ ಚಿತ್ರ. ಅವರ ಒಪ್ಪಿಗೆಯನ್ನು ನೀವು ಕೇಳಿರುವುದಿಲ್ಲ.

5. ವಿದೇಶಗಳಲ್ಲಿ ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಸಾರುವ ಸಮಾರಂಭಗಳ ಚಿತ್ರಗಳನ್ನು ನೀವು ನೋಡಿರಬಹುದು. ನಮ್ಮಲ್ಲಿ ಅದನ್ನು ಅನುಕರಿಸಬೇಡಿ. ಭ್ರೂಣದ ಲಿಂಗವನ್ನು ತಿಳಿಸುವುದನ್ನು 1994ರ ಕಾಯಿದೆಯು ನಿಷೇಧಿಸಿದೆ.

ನಮ್ಮ ಮಗುವಿನ ಚಿತ್ರ ನಮ್ಮದಲ್ಲವೇ?

ಈ ಪ್ರಶ್ನೆ ಸಹಜವಾದುದು. ಮಗುವನ್ನು ಹೆತ್ತವರು, ಸಾಕುವವರು ನಾವೇ. ಆದರೆ ಆ ಮುಖವನ್ನು ಹೊತ್ತು ಜೀವಮಾನವೆಲ್ಲ ನಡೆಯಬೇಕಾದುದು ಮಗು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. ಈ ಹಕ್ಕು ದೊಡ್ಡವರಿಗಷ್ಟೇ ಸೇರಿದುದೆಂದು ಭಾವಿಸಬಾರದು. ಮಾತು ಬಾರದ ಶಿಶುವಿನ ಪರವಾಗಿ ತಂದೆತಾಯಿಗಳೇ ಅದನ್ನು ಕಾಯಬೇಕು. ಮಾತು ಬಂದ ಮಗುವನ್ನು, "ಈ ಚಿತ್ರವನ್ನು ಕಳುಹಿಸಲೇ?" ಎಂದು ಕೇಳಿರಿ. ಅದು ಮುಖ ತಿರುಗಿಸಿದರೆ ಅದನ್ನೇ ಉತ್ತರವೆಂದು ತಿಳಿಯಿರಿ. ಹೀಗೆ ತನ್ನ 'ಬೇಡ'ಕ್ಕೆ ಮನೆಯಲ್ಲಿ ಬೆಲೆಯಿದೆಯೆಂದು ಅರಿತ ಮಗು, ಹೊರಗೆ ಯಾರಾದರೂ ಅನುಚಿತವಾಗಿ ನಡೆದುಕೊಂಡಾಗಲೂ 'ಬೇಡ' ಎನ್ನಲು ಹೆದರದು.

ಗಂಡಹೆಂಡಿರ ಒಪ್ಪಿಗೆ

ಎಷ್ಟು ಮಕ್ಕಳು, ಎಷ್ಟು ಅಂತರ ಎಂಬುದನ್ನು ಇಬ್ಬರೂ ಕೂಡಿ ನಿರ್ಧರಿಸುವಂತೆ ಇದನ್ನೂ ನಿರ್ಧರಿಸಬೇಕು. ಬಾಣಂತಿಯ ಚಿತ್ರವನ್ನು ಆಕೆಯನ್ನು ಕೇಳದೆ ಪತಿಯೂ ಕಳುಹಿಸತಕ್ಕದ್ದಲ್ಲ. ನೋಡಬೇಕಾದವರನ್ನು ಮಾತ್ರ ಆರಿಸಿ, ಬಂಧುಗಳಿಗೆ ಹೆಚ್ಚು ಜನರಿಗೆ ಹಂಚಬೇಡಿರೆಂದು ಮೊದಲೇ ತಿಳಿಸಿರಿ.

ನಗುವಿನ ಹಿಂದಿರುವುದನ್ನೂ ನೋಡಿ

ಚಿತ್ರದಲ್ಲಿ ನಗುವವರೆಲ್ಲರೂ ಸುಖಿಗಳೆಂದು ಹೇಳಲಾಗದು. ಹೆರಿಗೆಯ ನಂತರ ಕೆಲವು ದಿನ ಅಳು, ಬೇಸರ ಬರುವುದುಂಟು. ಅದು ಎರಡು ವಾರಗಳನ್ನು ಮೀರಿದರೆ, ಅಥವಾ ತನಗೋ ಮಗುವಿಗೋ ಕೇಡುಮಾಡಿಕೊಳ್ಳುವ ಯೋಚನೆ ಬಂದರೆ, ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆಯೆಂದು ತಿಳಿಯಬೇಕು. ಇತರರ ನಗುಮುಖಗಳನ್ನು ಮೊಬೈಲಿನಲ್ಲಿ ನೋಡುತ್ತ "ನನಗೊಬ್ಬಳಿಗೇ ಏಕೆ ಹೀಗೆ?" ಎಂದು ಕೊರಗುವ ತಾಯಿಗೆ ಬೇಕಾದುದು ಮೆಚ್ಚುಗೆಯ ಗುರುತುಗಳಲ್ಲ, ನಿದ್ರೆ, ಆಹಾರ, ಮನೆಯವರ ನೆರವು ಮತ್ತು ವೈದ್ಯರ ಸಲಹೆ. ಕೇಡಿನ ಯೋಚನೆ ಬಂದಾಗ ಆಕೆಯನ್ನು ಒಬ್ಬಳನ್ನೇ ಬಿಡದೆ ಆಸ್ಪತ್ರೆಗೆ ಕರೆತನ್ನಿರಿ. ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಟೆಲಿ ಮಾನಸ್ ಸಂಖ್ಯೆ 14416ಕ್ಕೂ ಕರೆಮಾಡಬಹುದು.

ನಿಮ್ಮ ಚಿತ್ರ ದುರುಪಯೋಗವಾದಲ್ಲಿ ನಾಚಿಕೆಯಿಂದ ಸುಮ್ಮನಿರಬೇಡಿ. ಆ ಚಿತ್ರ ಎಲ್ಲಿ ಕಂಡಿತೆಂಬುದನ್ನು ಗುರುತುಮಾಡಿಕೊಂಡು, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕೂಡಲೇ ತಿಳಿಸಿರಿ. ಇಂದು ಸಂಜೆಯೇ ದಂಪತಿಗಳಿಬ್ಬರೂ ಕುಳಿತು, ಈವರೆಗೆ ಹಾಕಿರುವ ಚಿತ್ರಗಳನ್ನು ಒಮ್ಮೆ ನೋಡಿ, ಬೇಡವಾದವನ್ನು ತೆಗೆದುಹಾಕಿರಿ.